ಒಂದು ಕಥೆಗೆ ಒಂದು ತೆಂಗಿನಕಾಯಿ

(ಶಿಕ್ಷಕರ ಸಮಾಲೋಚನಾ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚಿಕ್ಕವರಿದ್ದಾಗ ಗಣೇಶನ ಚಂದಾ ಎತ್ತಲು ಹೋದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಹೆಚ್ಚುಕಮ್ಮಿ ಎಲ್ಲರೂ! ರಸೀದಿ ಪುಸ್ತಕ ಹಿಡಿದು, ನಾಲ್ಕು ಜನ ಸೇರಿಕೊಂಡು, ಮನೆಮನೆ ಬಾಗಿಲು ತಟ್ಟಿದ್ದು ಇವತ್ತಿಗೂ ನೆನಪಿರುತ್ತದೆ. ಯಾರು ಎಷ್ಟು ಕೊಟ್ಟರು, ಯಾರು ನಾಳೆ ಬಾ ಅಂದರು, ಯಾವ ಮನೆಯಲ್ಲಿ ಚಕ್ಕುಲಿ ಕೊಟ್ಟು ಕಳಿಸಿದರು, ಎಲ್ಲಾ ನೆನಪಿರುತ್ತದೆ. ಆ ಹುರುಪನ್ನು ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಹಬ್ಬದ ಜೊತೆಗೇ ಬರುತ್ತಿತ್ತು.

ಅದೇ ಹುರುಪನ್ನು ಪುಸ್ತಕದ ಕಡೆ ತಿರುಗಿಸಬಹುದಾ ಅಂತ ನಮ್ಮ ಶಾಲೆಯಲ್ಲಿ ಎರಡು ವರ್ಷ ಪ್ರಯತ್ನ ಮಾಡಿದೆವು. ಮೊದಲ ವರ್ಷ ಜಾಸ್ತಿ ದುಡ್ಡು ಬಂತು, ಕೆಲಸ ಕೆಟ್ಟಿತು. ಎರಡನೇ ವರ್ಷ ದುಡ್ಡು ಕಡಿಮೆ ಬಂತು, ಮಕ್ಕಳು ಪುಸ್ತಕ ಬಿಡಲಿಲ್ಲ. ಯಾಕೆ ಹಾಗಾಯಿತು ಅನ್ನೋದನ್ನು ಇವತ್ತು ನಿಮ್ಮ ಮುಂದೆ ಬಿಚ್ಚಿ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮದು ತಿಪಟೂರು ಸೀಮೆ. ಸುತ್ತ ತೆಂಗಿನ ತೋಟ, ನಡುವೆ ಊರು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 68 ಮಕ್ಕಳು. ಪುಸ್ತಕ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಎಚ್.ಎಂ., ಅಂದರೆ ಮುಖ್ಯ ಶಿಕ್ಷಕರ ಕೋಣೆಯ ಬೀರುವಿನಲ್ಲಿ ಇದ್ದವು. ಬೀರುವಿಗೆ ಬೀಗ, ಬೀಗದ ಕೈ ಟೇಬಲ್ಲಿನ ಡ್ರಾಯರ್‌ನಲ್ಲಿ, ಡ್ರಾಯರ್‌ಗೂ ಬೀಗ. ಇದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದ ಪುಸ್ತಕ ಕಳೆದರೆ ಯಾರು ಉತ್ತರ ಕೊಡಬೇಕು ಅನ್ನೋ ಭಯ ನಮಗೆಲ್ಲ ಗೊತ್ತಿರುವುದೇ. ಆ ಭಯಕ್ಕೆ ಪುಸ್ತಕಗಳು ಹೊಸದಾಗೇ ಉಳಿದಿದ್ದವು. ಒಳಗಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಭಾರತದ ಗ್ರಂಥಾಲಯ ಶಾಸ್ತ್ರದ ಹಿರಿಯರು, ಕೊನೆಗಾಲವನ್ನು ನಮ್ಮ ಬೆಂಗಳೂರಿನಲ್ಲೇ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟಿದ್ದಾರೆ. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನೋದು ಅದರಲ್ಲಿ ಮೊದಲನೆಯದು. ನಮ್ಮ ಬೀರು ಆ ಮೊದಲ ಸೂತ್ರದಲ್ಲೇ ಸೋತಿತ್ತು.

ಇನ್ನೊಂದು ತೊಂದರೆಯೂ ಇತ್ತು. ಇದ್ದ ಪುಸ್ತಕಗಳಲ್ಲಿ ಮಕ್ಕಳು ಆಸೆಪಟ್ಟು ಎತ್ತಿಕೊಳ್ಳುವಂಥವು ಕಡಿಮೆ. ಹೊಸ ಪುಸ್ತಕ ಬೇಕಿತ್ತು, ಅದಕ್ಕೆ ದುಡ್ಡು ಬೇಕಿತ್ತು. ಆಗ ನಮ್ಮ ಸಹೋದ್ಯೋಗಿಯೊಬ್ಬರು ರೀಡಥಾನ್ ಬಗ್ಗೆ ಹೇಳಿದರು. ಹೊರದೇಶಗಳಲ್ಲಿ ಇದು ಹಳೆಯ ಪದ್ಧತಿ. ಆಸ್ಟ್ರೇಲಿಯಾದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರರೋಗದಿಂದ ನರಳುವವರ ನೆರವಿಗಾಗಿ ಮಕ್ಕಳು 1970ರ ದಶಕದಿಂದಲೇ ಹೀಗೆ ಓದಿ ಹಣ ಕೂಡಿಸುತ್ತಾ ಬಂದಿದ್ದಾರೆ. ಪದ್ಧತಿ ಸುಲಭ. ಮಗು ನೆಂಟರು, ನೆರೆಹೊರೆಯವರ ಹತ್ತಿರ ಹೋಗಿ, "ನಾನು ಇಷ್ಟು ದಿನದಲ್ಲಿ ಪುಸ್ತಕ ಓದುತ್ತೇನೆ, ಒಂದು ಪುಸ್ತಕಕ್ಕೆ ಎಷ್ಟು ಕೊಡ್ತೀರಿ?" ಅಂತ ಕೇಳುತ್ತದೆ. ಅವರು ಎರಡು ರೂಪಾಯಿ, ಐದು ರೂಪಾಯಿ ಅಂತ ಮಾತು ಕೊಟ್ಟು ಚೀಟಿಯಲ್ಲಿ ಬರೆಯುತ್ತಾರೆ. ಮಗು ಓದಿ ಮುಗಿಸಿದ ಮೇಲೆ ಲೆಕ್ಕ ಹಾಕಿ ಕೊಡುತ್ತಾರೆ. ಕೇಳಿದ ತಕ್ಷಣ ನನಗೆ ಗಣೇಶನ ಚಂದಾ ನೆನಪಾಯಿತು. ನಮ್ಮ ಮಕ್ಕಳೂ ಇದಕ್ಕೆ ಇಟ್ಟ ಹೆಸರು ಅದೇ. ಓದಿನ ಚಂದಾ.

ಮೊದಲ ವರ್ಷ ನಾವು ಅದನ್ನು ಹಾಗೇ ಎತ್ತಿಕೊಂಡು ಬಂದು ಇಲ್ಲಿ ಇಳಿಸಿದೆವು. ಒಂದು ತಿಂಗಳು ಗಡುವು. ಯಾರು ಜಾಸ್ತಿ ಪುಸ್ತಕ ಓದುತ್ತಾರೋ ಅವರಿಗೆ ಒಂದು ಬಹುಮಾನ, ಯಾರು ಜಾಸ್ತಿ ದುಡ್ಡು ತರುತ್ತಾರೋ ಅವರಿಗೆ ಇನ್ನೊಂದು. ಗೋಡೆಗೆ ದೊಡ್ಡ ಪಟ್ಟಿ ಅಂಟಿಸಿ, ಎಲ್ಲರ ಹೆಸರಿನ ಮುಂದೆ ದಿನಾ ಅಂಕಿ ಬರೆದೆವು. ಮೊದಲ ವಾರ ಶಾಲೆ ಜಾತ್ರೆಯ ಹಾಗಿತ್ತು. ಬೀರುವಿನ ಮುಂದೆ ಸಾಲು. ನಮಗೆಲ್ಲ ಕಣ್ಣು ತುಂಬಿ ಬಂದಿತ್ತು ಅಂತ ಹೇಳಬೇಕು.

ಎರಡನೇ ವಾರ ಏಳನೇ ತರಗತಿಯ ಹುಡುಗನೊಬ್ಬ ಚೀಟಿ ತಂದ. 37 ಪುಸ್ತಕ ಅಂತ ಬರೆದಿತ್ತು. "ಅಷ್ಟರಲ್ಲಿ ನಿನಗೆ ಜಾಸ್ತಿ ಹಿಡಿಸಿದ್ದು ಯಾವುದಪ್ಪಾ?" ಅಂತ ಕೇಳಿದೆ. ಅವನು ಚೀಟಿ ಕಡೆ ನೋಡಿದ. ಮತ್ತೆ ನನ್ನ ಕಡೆ ನೋಡಿದ. "ಎಲ್ಲಾ ಚೆನ್ನಾಗಿವೆ ಮಿಸ್" ಅಂದ. ಬುದ್ಧಿವಂತ ಹುಡುಗ, ಸುಳ್ಳು ಹೇಳುವವನೂ ಅಲ್ಲ. ಹಾಳೆ ತಿರುಗಿಸಿದ್ದಂತೂ ನಿಜ. ಒಂದನೇ ತರಗತಿ ಮಕ್ಕಳ ಎಂಟು ಪುಟದ ಪುಸ್ತಕಗಳನ್ನೆಲ್ಲ ಹುಡುಕಿ ಮೊದಲು ಮುಗಿಸಿದ್ದ. ನಾವು ಎಣಿಕೆ ಕೇಳಿದ್ದೆವು, ಅವನು ಎಣಿಕೆ ಕೊಟ್ಟಿದ್ದ.

ಆದರೆ ನನ್ನನ್ನು ಇವತ್ತಿಗೂ ಕಾಡುವುದು ಬಹುಮಾನದ ದಿನ. ಐದನೇ ತರಗತಿಯ ಒಬ್ಬ ಹುಡುಗಿ. ತಾಯಿ ಕೂಲಿಗೆ ಹೋಗುತ್ತಾರೆ. ಅವಳ ಚೀಟಿಯಲ್ಲಿ ಎರಡೇ ಸಾಲು. ಮೊದಲನೆಯದು ಅಮ್ಮ, ಎಲ್ಲಾ ಸೇರಿ ಐದು ರೂಪಾಯಿ. ಎರಡನೆಯದು ಪಕ್ಕದ ಮನೆ ಅಜ್ಜಿ, ಎಷ್ಟು ಅನ್ನೋ ಜಾಗದಲ್ಲಿ 'ಕಾಯಿ' ಅಂತ ಬರೆದಿತ್ತು. ನಾವು ಲೆಕ್ಕ ಹಾಕುವಾಗ ಕಾಯಿಯನ್ನು ಯಾವ ಕಾಲಂಗೆ ಹಾಕಬೇಕು ಅಂತ ಗೊತ್ತಾಗದೆ ಬಿಟ್ಟೆವು. ಅವಳ ಹೆಸರಿನ ಮುಂದೆ ಬರೀ ಐದು ರೂಪಾಯಿ. ಜಾಸ್ತಿ ದುಡ್ಡಿನ ಬಹುಮಾನ ಹೋಗಿದ್ದು ಊರಿನ ಅನುಕೂಲಸ್ಥರ ಮನೆ ಮಗುವಿಗೆ. ಆ ಮಗುವಿನ ತಪ್ಪೇನೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಹುಡುಗಿಯೂ ತಟ್ಟಿದಳು. ಆಮೇಲೆ ತನ್ನ ಚೀಟಿಯನ್ನು ಮಡಚಿ, ಮತ್ತೆ ಮಡಚಿ, ಬೆರಳುದ್ದ ಮಾಡಿ ಕಂಪಾಸ್ ಬಾಕ್ಸ್ ಒಳಗೆ ಇಟ್ಟುಕೊಂಡಳು. ಎಲ್ಲರೂ ಹೋದ ಮೇಲೆ ನೋಡಿದರೆ ಅವಳ ಬೆಂಚಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಆರು ತೆಂಗಿನಕಾಯಿ.

ಆ ಚೀಲ ಎತ್ತಿಕೊಂಡು ಸಂಜೆ ಅವಳ ಮನೆ ಕಡೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ವಿಷಯ ಹೇಳಿದೆ. ಅವರು ಕಾಯಿಯ ಮಾತೇ ಎತ್ತಲಿಲ್ಲ. "ಆ ಮೊಸಳೆ ಕಥೆ ಅರ್ಧಕ್ಕೆ ನಿಂತೈತೆ ಮೇಡಮ್ಮಾರೆ, ಮಗಾ ಬತ್ತೀನಿ ಅಂದೋಳು ಬರ್ಲೇ ಇಲ್ಲ" ಅಂದರು. ನನಗೆ ಅರ್ಥ ಆಗಲಿಲ್ಲ. ಆಮೇಲೆ ಬಿಡಿಸಿ ಕೇಳಿದೆ. ಚೀಟಿ ಹಿಡಿದು ಹೋದ ಮೊದಲ ದಿನವೇ ಅಜ್ಜಿ ಹೇಳಿದ್ದರಂತೆ: "ನೀ ಓದ್ದೋ ಬಿಟ್ಟೋ ನಂಗೇನ್ ಗೊತ್ತಾಗ್ತೈತವ್ವಾ? ಇಲ್ ಕುಂತ್ಕಂಡು ಕಥೆ ಹೇಳು. ಕಥೆ ಮುಗುದ್ರೆ ಒಂದು ಕಾಯಿ." ಅಜ್ಜಿಗೆ ಓದಲು ಬರುವುದಿಲ್ಲ. ಹಾಗಾಗಿ ಈ ಹುಡುಗಿ ಶಾಲೆಯಲ್ಲಿ ಒಂದು ಸಲ ಓದಿ, ದಾರಿಯಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು, ಅಜ್ಜಿಯ ಮುಂದೆ ಪುಸ್ತಕ ಬಿಡಿಸಿ ಚಿತ್ರ ತೋರಿಸುತ್ತಾ ಮತ್ತೆ ಓದುತ್ತಿದ್ದಳು. ಆರು ಪುಸ್ತಕ, ಆರು ಕಾಯಿ. ಅಜ್ಜಿ ನಡುನಡುವೆ ನಿಲ್ಲಿಸಿ ಪ್ರಶ್ನೆ ಬೇರೆ ಕೇಳುತ್ತಿದ್ದರು. ಆ ನರಿ ಯಾಕೆ ಹಾಗೆ ಮಾಡ್ತು, ಅದರ ಮರಿ ಎಲ್ಲಿ ಹೋಯ್ತು ಅಂತ. ಪುಸ್ತಕದಲ್ಲಿ ಉತ್ತರ ಇಲ್ಲದಿದ್ದರೆ ಹುಡುಗಿ ತಾನೇ ಯೋಚನೆ ಮಾಡಿ ಹೇಳಬೇಕು.

ನಾವು ಶಾಲೆಯಲ್ಲಿ ಗೋಡೆ ತುಂಬಾ ಅಂಕಿ ಬರೆಯುತ್ತಿದ್ದಾಗ, ಓದು ಅಂದರೆ ಏನೋ ಅದು ಆ ಜಗಲಿಯ ಮೇಲೆ ನಡೆಯುತ್ತಿತ್ತು.

ಆ ವರ್ಷ 14,200 ರೂಪಾಯಿ ಬಂತು. ಒಳ್ಳೆಯ ಪುಸ್ತಕಗಳನ್ನೇ ತಂದೆವು. ಆದರೆ ಡಿಸೆಂಬರ್ ಹೊತ್ತಿಗೆ ಬೀರುವಿನ ಮುಂದೆ ಸಾಲು ಇರಲಿಲ್ಲ. ಬಹುಮಾನ ಮುಗಿದಿತ್ತು, ಓದೂ ಮುಗಿದಿತ್ತು. ಇದು ನಮ್ಮ ಊರಿನ ಮಕ್ಕಳ ದೋಷ ಅಂದುಕೊಳ್ಳಬೇಡಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಮೊದಲೇ, "ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆ" ಅಂದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಮಾತ್ರ ಚಿತ್ರ ಬಿಡಿಸಲು ಕಳೆಯುವ ಹೊತ್ತು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಇಷ್ಟವಾಗಿದ್ದ ಆಟ ಅವರಿಗೆ ಕೂಲಿ ಕೆಲಸವಾಗಿತ್ತು. ಇದನ್ನು ಓದಿದಾಗ ನನಗೆ 37 ಪುಸ್ತಕದ ಹುಡುಗನ ಮುಖ ಕಣ್ಣ ಮುಂದೆ ಬಂತು.

ಹಾಗಾಗಿ ಎರಡನೇ ವರ್ಷ ಅಜ್ಜಿಯ ನಿಯಮವನ್ನೇ ಶಾಲೆಯ ನಿಯಮ ಮಾಡಿದೆವು. ಚಂದಾ ಕೊಡುವವರು ಕೂತು ಕಥೆ ಕೇಳಬೇಕು. ಕೇಳದೆ ಸುಮ್ನೆ ದುಡ್ಡು ಕೊಡುವ ಹಾಗಿಲ್ಲ. ಪುಟ ಲೆಕ್ಕ ಇಲ್ಲ, ಪುಸ್ತಕದ ಲೆಕ್ಕ ಇಲ್ಲ. ಮಗು ಒಬ್ಬರಿಗೆ ಒಂದು ಕಥೆ ಹೇಳಿ ಮುಗಿಸಿದರೆ ಅದು ಒಂದು. ಚೀಟಿಯಲ್ಲಿ ಕೇಳಿದವರು ಸಹಿ ಹಾಕುತ್ತಾರೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಪಕ್ಕದಲ್ಲಿ ಒಂದು ಸಾಲು ಜಾಗ ಬಿಟ್ಟಿದ್ದೆವು, 'ಕಥೆಯಲ್ಲಿ ನಿಮಗೆ ಏನು ಹಿಡಿಸಿತು' ಅಂತ. ಕೇಳಿದವರು ಹೇಳಿದ್ದನ್ನು ಮಗುವೇ ಬರೆಯಬೇಕು. ಬರವಣಿಗೆಯ ಅಭ್ಯಾಸ ಅಂತ ಹೇಳಿದ್ದರೆ ಯಾರೂ ಬರೆಯುತ್ತಿರಲಿಲ್ಲ. ಇಲ್ಲಿ ಕಾಗುಣಿತ ಸರಿಯಿದೆಯಾ ಅಂತ ಅವರೇ ಬಂದು ಕೇಳುತ್ತಿದ್ದರು, ಯಾಕಂದರೆ ಅದು ಅಜ್ಜನ ಮಾತು, ತಪ್ಪಾಗಬಾರದು ಅಲ್ವಾ?

ಉಳಿದ ಏರ್ಪಾಟನ್ನು ಬೇಗ ಹೇಳಿಬಿಡುತ್ತೇನೆ. ಒಂದು ಮಗುವಿಗೆ ಜಾಸ್ತಿ ಅಂದರೆ ಐದು ಜನ ಕೇಳುಗರು. ಒಬ್ಬರು ಒಂದು ಕಥೆಗೆ ಐದು ರೂಪಾಯಿ ಮೀರುವ ಹಾಗಿಲ್ಲ. ಒಂದು ಮಗುವಿಗೆ ಹತ್ತು ಕಥೆ ಸಾಕು. ಈ ಮಿತಿ ಬಹಳ ಮುಖ್ಯ. ಇಲ್ಲದಿದ್ದರೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಫೋನ್‌ನಲ್ಲಿ ಸಾವಿರ ರೂಪಾಯಿ ಹಾಕಿ ಮುಗಿಸುತ್ತಾರೆ, ಪಕ್ಕದಲ್ಲಿ ಕೂತ ಮಗುವಿನ ಎರಡು ರೂಪಾಯಿ ಚಿಕ್ಕದಾಗಿ ಕಾಣುತ್ತದೆ. ಆ ಚಿಕ್ಕಪ್ಪನಿಗೆ ಕೊಡಲೇಬೇಕು ಅನ್ನಿಸಿದರೆ ಮೊದಲು ಫೋನ್‌ನಲ್ಲಿ ಕಥೆ ಕೇಳಲಿ, ಆಮೇಲೆ ಬೇರೆಯಾಗಿ ಶಾಲೆಗೆ ಕೊಡಲಿ, ರಸೀದಿ ಕೊಡುತ್ತೇವೆ. ಮಕ್ಕಳ ಕೈಗೆ ದುಡ್ಡು ಕೊಡಬಾರದು. ಗುರುತಿನ ಮನೆಗೆ ಮಾತ್ರ ಹೋಗಬೇಕು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಕೊನೆಯ ದಿನ ಊರವರೇ ಶಾಲೆಗೆ ಬಂದು ಕೊಡುತ್ತಾರೆ. ಎಲ್ಲಾ ಹಣ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಖಾತೆಗೆ. ಅದಕ್ಕೆ ಅಧ್ಯಕ್ಷರದೂ ಎಚ್.ಎಂ. ಅವರದೂ ಜಂಟಿ ಸಹಿ ಇರುತ್ತದೆ, ನಿಮಗೆ ಗೊತ್ತಿದೆ. ಜಮಾ-ಖರ್ಚನ್ನು ಕರಿಹಲಗೆಯ ಮೇಲೆ ಬರೆದು ಒಂದು ವಾರ ಅಳಿಸದೆ ಬಿಡಿ. ಹಳ್ಳಿಯಲ್ಲಿ ಜನ ಒಂದು ರೂಪಾಯಿ ಕೊಟ್ಟರೂ ಅದು ಎಲ್ಲಿ ಹೋಯಿತು ಅಂತ ನೋಡುತ್ತಾರೆ. ನೋಡಬೇಕು ಕೂಡ.

ಯಾವ ಮಗು ಎಷ್ಟು ತಂದಿತು ಅನ್ನೋದನ್ನು ಎಲ್ಲೂ ಓದಲಿಲ್ಲ, ಎಲ್ಲೂ ಬರೆಯಲಿಲ್ಲ. ಎಲ್ಲಾ ಒಂದೇ ಹುಂಡಿಗೆ. ಕೇಳುಗರು ಸಿಗದ ಮಕ್ಕಳಿಗೆ ನಾವೇ ಕೇಳುಗರನ್ನು ಹುಡುಕಿಕೊಟ್ಟೆವು. ಬಿಸಿಯೂಟದ ಅಡುಗೆಯವರು, ಅಂಗನವಾಡಿ ಕಾರ್ಯಕರ್ತೆ, ಡೈರಿಯಲ್ಲಿ ಹಾಲು ಅಳೆಯುವವರು, ಹಿಟ್ಟಿನ ಗಿರಣಿಯವರು. ಗಿರಣಿಯ ಸದ್ದಿನಲ್ಲಿ ಕಥೆ ಕೇಳಿಸುವುದಿಲ್ಲ ಅಂತ ಅವರು ಕರೆಂಟ್ ಹೋದಾಗ ಹುಡುಗರನ್ನು ಕರೆಸಿಕೊಳ್ಳುತ್ತಿದ್ದರು. ಅಡುಗೆಯ ಅಮ್ಮಂದಿರು ಬೇಳೆ ಆರಿಸುತ್ತಾ ಕೇಳುತ್ತಿದ್ದರು. ಅವರಿಬ್ಬರೇ ಸೇರಿ ನಲವತ್ತಕ್ಕೂ ಹೆಚ್ಚು ಕಥೆ ಕೇಳಿದ್ದಾರೆ.

ಇನ್ನು ಚಿಕ್ಕ ಮಕ್ಕಳ ವಿಷಯ. ನಲಿ-ಕಲಿಯ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಅಕ್ಷರ ಇನ್ನೂ ಕೂಡುವುದಿಲ್ಲ. ಅವರು ಚಿತ್ರ ನೋಡಿ ಕಥೆ ಹೇಳಿದರೂ ಒಂದು ಅಂತ ಎಣಿಸಿದೆವು. ತಾಂಡಾದಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಅವರು ಕನ್ನಡದಲ್ಲಿ ಓದಿ, ಮನೆಯಲ್ಲಿ ತಮ್ಮ ಮಾತಿನಲ್ಲೇ ಹೇಳಿದರು. ಇದಕ್ಕೆ ನಮ್ಮಲ್ಲೇ ಒಬ್ಬರು, "ಹಾಗಾದರೆ ಕನ್ನಡ ಓದಿದ್ದು ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು. ಒಂದು ಕಥೆಯನ್ನು ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಹೇಳಬೇಕಾದರೆ ಎಷ್ಟು ಚೆನ್ನಾಗಿ ಅರ್ಥವಾಗಿರಬೇಕು, ನೀವೇ ಯೋಚನೆ ಮಾಡಿ. ಹೆಚ್ಚಿನ ಕೆಲಸ ಮಾಡಿದ್ದು ಆ ಮಕ್ಕಳೇ.

ದಿನಾಂಕದ ಬಗ್ಗೆ ಒಂದು ಮಾತು. ಒಂದು ತಿಂಗಳು ಬೇಡ. ಮೂರನೇ ವಾರಕ್ಕೆ ಮಕ್ಕಳಿಗೂ ಸಾಕಾಗುತ್ತದೆ, ಊರಿಗೂ ಸಾಕಾಗುತ್ತದೆ. ನಾವು ನವೆಂಬರ್ 1ಕ್ಕೆ ರಾಜ್ಯೋತ್ಸವದ ದಿನ ಶುರು ಮಾಡಿ, 14ಕ್ಕೆ ಮಕ್ಕಳ ದಿನಾಚರಣೆಗೆ ಮುಗಿಸಿದೆವು. ಅದಾದ ಮೇಲೆ ನಮ್ಮ ಕಡೆ ರಾಗಿ ಕೊಯ್ಲು ಜೋರಾಗುತ್ತದೆ, ಸಂಜೆ ಯಾರೂ ಜಗಲಿಯಲ್ಲಿ ಸಿಗುವುದಿಲ್ಲ. ನಿಮ್ಮ ಊರಿನ ಬೆಳೆ ನೋಡಿಕೊಂಡು ದಿನ ಇಟ್ಟುಕೊಳ್ಳಿ. ಕೊಡುವವರಿಗೆ ಕೂರಲು ಪುರುಸೊತ್ತು ಇರಬೇಕು.

ಆದರೆ ಚೀಟಿ ಹಂಚಿದ ದಿನವೇ ಹುರುಪು ಬರುವುದಿಲ್ಲ. ಅದಕ್ಕೆ ಮೊದಲು ನೆಲ ಹದ ಮಾಡಬೇಕು. ದಸರಾ ರಜೆ ಮುಗಿದ ದಿನದಿಂದ ನಾವು ಪ್ರಾರ್ಥನೆ ಆದ ಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಓದಿದೆವು. ಒಬ್ಬೊಬ್ಬ ಶಿಕ್ಷಕರು ಒಂದೊಂದು ದಿನ. ಇದರಲ್ಲಿ ಒಂದು ಕೌಶಲ ಇದೆ, ಅದು ನಿಲ್ಲಿಸುವ ಜಾಗ. ಹುಡುಗ ಬಾವಿಯೊಳಗೆ ಇಣುಕಿ ನೋಡಿದ, ಕೆಳಗಿನಿಂದ ಯಾರೋ ಅವನ ಹೆಸರು ಕರೆದರು. ಅಲ್ಲಿಗೆ ಪುಸ್ತಕ ಮುಚ್ಚಬೇಕು. "ಮಿಸ್, ಮಿಸ್, ಯಾರು ಮಿಸ್?" ಅಂತ ಇಡೀ ಸಾಲು ಕೂಗುತ್ತದೆ. ಆ ಪುಸ್ತಕವನ್ನು ಕಿಟಕಿಯ ಮೇಲೆ, ಮಕ್ಕಳ ಕೈಗೆ ಸಿಗುವ ಹಾಗೆ ಇಟ್ಟು ತರಗತಿಗೆ ಹೋಗಿ. ಬಿಸಿಯೂಟದ ಹೊತ್ತಿಗೆ ನೋಡಿದರೆ ಒಂದು ಪುಸ್ತಕದ ಸುತ್ತ ಏಳು ತಲೆ ಇರುತ್ತವೆ. ಓದಲು ಬರುವ ಒಬ್ಬಳು ನಡುವೆ ಕೂತು ಓದುತ್ತಿರುತ್ತಾಳೆ, ಉಳಿದವರು ಅನ್ನ ಕಲಸುವುದನ್ನೇ ಮರೆತಿರುತ್ತಾರೆ. ಈ ದೃಶ್ಯ ನೋಡುವುದಕ್ಕೆ ನಾನು ಎಷ್ಟು ದೂರ ಬೇಕಾದರೂ ನಡೆದುಕೊಂಡು ಹೋಗುತ್ತೇನೆ.

ಪುಸ್ತಕ ಇಲ್ಲ ಅನ್ನೋ ಶಾಲೆಗಳಿಗೂ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನೋ ಜಾಲತಾಣ ಶುರು ಮಾಡಿದರು. ಅಲ್ಲಿ ಕನ್ನಡದಲ್ಲೂ ಮಕ್ಕಳ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಒಂದರಿಂದ ನಾಲ್ಕರವರೆಗೆ ಓದಿನ ಮಟ್ಟವನ್ನೂ ಗುರುತು ಮಾಡಿದ್ದಾರೆ. ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಲು ಅನುಮತಿಯೂ ಇದೆ. ನಾವು ಹದಿನೈದು ಕಥೆ ಜೆರಾಕ್ಸ್ ಮಾಡಿಸಿ, ನಡುವೆ ದಾರ ಹೊಲಿದು, ಹಳೆಯ ಕ್ಯಾಲೆಂಡರ್ ರಟ್ಟು ಹಾಕಿದೆವು. ಇನ್ನೊಂದು, ಗ್ರಾಮ ಪಂಚಾಯಿತಿ ಗ್ರಂಥಾಲಯ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದಾಗ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುತ್ತದೆ. ಎಷ್ಟೋ ಮಕ್ಕಳ ಹೆಸರು ಅಲ್ಲಿ ದಾಖಲಾಗಿದೆ, ಮಕ್ಕಳಿಗೇ ಗೊತ್ತಿಲ್ಲ. ಒಂದು ಶನಿವಾರ ಸಾಲು ಕಟ್ಟಿಸಿಕೊಂಡು ಹೋಗಿ ಬನ್ನಿ.

ಪುಸ್ತಕ ಹಿಡಿದುಕೊಂಡು ಜನರ ಬಾಗಿಲಿಗೆ ಹೋಗುವುದು ಕನ್ನಡಕ್ಕೆ ಹೊಸದೇನಲ್ಲ. ಹಾವೇರಿ ಸೀಮೆಯ ಗಳಗನಾಥರು ಕನ್ನಡ ಕಾದಂಬರಿಯ ಮೊದಲ ತಲೆಮಾರಿನವರು. ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅವರೂ ನಮ್ಮ ಹಾಗೆ ಶಾಲಾ ಮೇಷ್ಟರಾಗಿದ್ದವರು. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಹಾಕಿ ಲಕ್ಷಗಟ್ಟಲೆ ಕೂಡಿಸಿದ್ದಾರೆ. ನಾವು ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇವೆ. ಈ ಹಿರಿಯರ ಕಥೆಯನ್ನು ಚೀಟಿ ಹಂಚುವ ದಿನ ಮಕ್ಕಳಿಗೆ ಹೇಳಿದೆವು. ಗಳಗನಾಥರ ಹಾಗೆ ತಲೆಯ ಮೇಲೆ ಪುಸ್ತಕದ ಗಂಟು ಇಟ್ಟುಕೊಂಡು ನಡೆಯುವ ಆಟ ಆವತ್ತೇ ಮೈದಾನದಲ್ಲಿ ಶುರುವಾಯಿತು.

ಈಗ ಕಾಯಿಗೆ ಬರುತ್ತೇನೆ. ಎರಡನೇ ವರ್ಷ ಚೀಟಿಯಲ್ಲಿ 'ರೂಪಾಯಿ' ಅಂತ ಇದ್ದ ಜಾಗದಲ್ಲಿ 'ಏನು ಕೊಡುತ್ತೀರಿ' ಅಂತ ಬರೆದೆವು. ಅಷ್ಟಕ್ಕೇ ಊರು ಬದಲಾಯಿತು. ಕೈಯಲ್ಲಿ ದುಡ್ಡಿಲ್ಲದವರ ಮನೆಯಲ್ಲೂ ಅಟ್ಟದಲ್ಲಿ ನಾಲ್ಕು ಕಾಯಿ ಇರುತ್ತದೆ. ಕೂಲಿ ಮನೆಯವರಿಗೂ ಕೆಲಸ ಮಾಡಿದ ತೋಟದವರು ಒಂದೆರಡು ಕೊಟ್ಟಿರುತ್ತಾರೆ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅನ್ನುತ್ತದೆ. ಎಳೆ ಮಗುವಿನ ಕಥೆಗೆ ಹಸಿಕಾಯಿ, ಚೆನ್ನಾಗಿ ಹೇಳಿದ ಕಥೆಗೆ ಅಟ್ಟದ ಗಿಟುಕು ಅಂತ ಊರಿನವರೇ ದರ ಕಟ್ಟಿದರು. ಹದಿನಾಲ್ಕು ದಿನಕ್ಕೆ 143 ಕಾಯಿ ಬಂದವು. ಅವರೆಕಾಯಿ ಬಂತು, ಒಂದು ಮನೆಯಿಂದ ಅರ್ಧ ಸೇರು ತುಪ್ಪ ಬಂತು.

ಪ್ರತಿ ಕಾಯಿಯ ಜುಟ್ಟಿಗೂ ಒಂದು ಕಾಗದದ ಚೀಟಿ ಕಟ್ಟಿದೆವು. ಅದರ ಮೇಲೆ ಕಥೆಯ ಹೆಸರು. ಹೇಳಿದ ಮಗುವಿನ ಹೆಸರಿಲ್ಲ, ಕೊಟ್ಟವರ ಹೆಸರಿಲ್ಲ, ಬರೀ ಕಥೆಯ ಹೆಸರು. 14ನೇ ತಾರೀಖು ಮಧ್ಯಾಹ್ನ ಅವನ್ನೆಲ್ಲ ಜಗಲಿಯ ಉದ್ದಕ್ಕೂ ಜೋಡಿಸಿಟ್ಟು ಹರಾಜು ಹಾಕಿದೆವು. ಗಣೇಶನನ್ನು ಬಿಡುವ ದಿನ ಪ್ರಸಾದ ಹರಾಜು ಹಾಕುವುದಿಲ್ವಾ, ಹಾಗೇ. ಕೂಗುವ ಕೆಲಸ ನಮ್ಮ ಎಸ್‌ಡಿಎಂಸಿ ಅಧ್ಯಕ್ಷರದು. "ಆನೆಗೆ ನೆಗಡಿ ಬಂದ ಕಥೆ, ಮೂವತ್ತು ರೂಪಾಯಿ ಒಂದನೇ ಸಾರಿ!" ಅಂತ ಅವರು ಕೂಗಿದರೆ, ಕೊಳ್ಳುವವರು ಮೊದಲು, "ಆ ಕಥೆ ಏನು, ಹೇಳಿಸಿ" ಅನ್ನುತ್ತಿದ್ದರು. ಆ ಕಥೆ ಓದಿದ್ದ ಯಾವ ಮಗು ಬೇಕಾದರೂ ಎದ್ದು ನಿಂತು ಅರ್ಧ ಹೇಳಬಹುದು. ಪೂರ್ತಿ ಹೇಳುವ ಹಾಗಿಲ್ಲ. ಉಳಿದರ್ಧ ಬೇಕಾದರೆ ಕಾಯಿ ಕೊಳ್ಳಬೇಕು. ಮೂವತ್ತರ ಕಾಯಿ ಎಂಬತ್ತಕ್ಕೆ, ನೂರಕ್ಕೆ ಏರಿತು. ಶಾಲೆಯ ಗೇಟು ದಾಟಿ ಒಳಗೆ ಬಂದೇ ಇರದಿದ್ದ ಅಪ್ಪಂದಿರು ಆವತ್ತು ಎರಡು ಗಂಟೆ ಕೂತು ಕಥೆ ಕೇಳಿದರು.

ಎಲ್ಲಾ ಸೇರಿ 10,860 ರೂಪಾಯಿ. ಹಿಂದಿನ ವರ್ಷಕ್ಕಿಂತ ಮೂರು ಸಾವಿರ ಚಿಲ್ಲರೆ ಕಡಿಮೆ. ನಮ್ಮ ಸಹೋದ್ಯೋಗಿಯೊಬ್ಬರಿಗೆ ಇದರಿಂದ ಬೇಜಾರಾಯಿತು, ಅವರ ಬೇಜಾರೂ ಸರಿಯೇ. ಮೂರು ಸಾವಿರಕ್ಕೆ ಐವತ್ತು ಪುಸ್ತಕ ಬರುತ್ತದೆ. ಆದರೆ ಹಿಂದಿನ ವರ್ಷ ದುಡ್ಡು ಕೊಟ್ಟವರು ಮೂವತ್ತು ಮನೆಯವರೂ ಇರಲಿಲ್ಲ. ಈ ಸಲ ಊರಿನಲ್ಲಿ ಕಥೆ ಕೇಳದ ಮನೆ ಹುಡುಕಬೇಕಿತ್ತು. ನನ್ನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ.

ಬಂದ ದುಡ್ಡಿನಲ್ಲಿ ಯಾವ ಪುಸ್ತಕ ತರಬೇಕು ಅನ್ನೋದನ್ನು ಮಕ್ಕಳಿಗೆ ಬಿಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ದುಡಿದವರು ಅವರು. ನಾವು ಅರಿವು ಕೇಂದ್ರದಿಂದ ಎರವಲು ತಂದ ಪುಸ್ತಕಗಳನ್ನೂ ಪ್ರಕಾಶಕರ ಪಟ್ಟಿಗಳನ್ನೂ ಚಾಪೆಯ ಮೇಲೆ ಹರಡಿ, ಒಬ್ಬೊಬ್ಬರಿಗೂ ಐದೈದು ಹುಣಸೆ ಬೀಜ ಕೊಟ್ಟೆವು. ಬೇಕಾದ ಪುಸ್ತಕದ ಮೇಲೆ ಬೀಜ ಇಡಬೇಕು. ಹಾವು, ದೆವ್ವ, ಕ್ರಿಕೆಟ್, ಬಾಹ್ಯಾಕಾಶ, ನಗೆ ಚಟಾಕಿಯ ಮೇಲೆ ಬೀಜದ ರಾಶಿ ಬಿತ್ತು. ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ನೀತಿ ಕಥೆಗಳ ಮೇಲೆ ಎರಡೇ ಬೀಜ. ಮುಕ್ಕಾಲು ಪಾಲು ಮಕ್ಕಳು ಆರಿಸಿದ್ದು, ಕಾಲು ಪಾಲು ನಾವು ಆರಿಸಿದ್ದು ಅಂತ ಒಪ್ಪಂದ ಆಯಿತು. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟ ಇರುತ್ತದೆ, ಆಗಲೇ ತಂದರೆ ದುಡ್ಡು ಉಳಿಯುತ್ತದೆ. ಪುಸ್ತಕದ ಕಟ್ಟನ್ನು ಮಕ್ಕಳ ಮುಂದೆಯೇ ಬಿಚ್ಚಿ. ಹೊಸ ಪುಸ್ತಕದ ವಾಸನೆಯನ್ನು ಮೊದಲ ಸಲ ಮೂಸಿದ ಮಗುವಿನ ಮುಖ ನೋಡುವುದು ನಿಮ್ಮ ಪಾಲಿಗೂ ಇರಲಿ.

ಬಹುಮಾನ ಯಾರಿಗೂ ಇರಲಿಲ್ಲ. "ಹಾಗಾದರೆ ಮಕ್ಕಳು ಓದುತ್ತಾರಾ?" ಅಂತ ಊರಿನ ಹಿರಿಯರೊಬ್ಬರು ಮೊದಲೇ ಕೇಳಿದ್ದರು. ಡಿಸೆಂಬರ್‌ನಲ್ಲಿ ಅವರ ಮನೆಗೇ ಇಬ್ಬರು ಮಕ್ಕಳು ಹೋಗಿ, "ತಾತಾ, ಹೊಸ ಪುಸ್ತಕ ಬಂದಿದೆ, ಕೇಳ್ತೀರಾ?" ಅಂದರಂತೆ. ಚಂದಾ ಮುಗಿದು ತಿಂಗಳಾಗಿತ್ತು. ಅವರು ಶಾಲೆಗೆ ಬಂದು ಇದನ್ನು ನನಗೆ ಹೇಳಿದರು. ಹೇಳುವಾಗ ಅವರ ದನಿ ಸ್ವಲ್ಪ ಬೇರೆಯಾಗಿತ್ತು.

ಕಂಪಾಸ್ ಬಾಕ್ಸಿನ ಹುಡುಗಿ ಈಗ ಏಳನೇ ತರಗತಿ. ಬೀರುವಿನ ಬೀಗದ ಕೈ ಅವಳ ಹತ್ತಿರ ಇರುತ್ತದೆ. ಪುಸ್ತಕ ಕೊಟ್ಟದ್ದು, ಬಂದದ್ದು ಅವಳೇ ಬರೆದುಕೊಳ್ಳುತ್ತಾಳೆ. ಎರಡು ವರ್ಷದಲ್ಲಿ ಕಳೆದದ್ದು ಒಂಬತ್ತು ಪುಸ್ತಕ, ಹರಿದದ್ದು ಇಪ್ಪತ್ತರ ಮೇಲೆ. ಹರಿದವನ್ನು ಮೈದಾ ಅಂಟಿನಲ್ಲಿ ಮಕ್ಕಳೇ ಅಂಟಿಸುತ್ತಾರೆ. ಕಳೆದವುಗಳನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು ನಡಾವಳಿ ಬರೆದುಕೊಂಡೆವು, ಯಾರ ಸಂಬಳವೂ ಹಿಡಿಯಲಿಲ್ಲ. ಮೊಸಳೆ ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಆ ಸಂಜೆಯೇ ಅವಳು ಅಜ್ಜಿಗೆ ಹೇಳಿ ಮುಗಿಸಿದಳು. ನಾನೂ ಜಗಲಿಯ ಮೇಲೆ ಕೂತು ಕೇಳಿದೆ. ಅಜ್ಜಿ ಒಳಗೆ ಹೋಗಿ ಏಳನೇ ಕಾಯಿ ತಂದು ಚೀಲಕ್ಕೆ ಹಾಕಿದರು.

ನಾವು ಬಳಸಿದ ಚೀಟಿಯ ಮಾದರಿ ಹೊರಗೆ ಮೇಜಿನ ಮೇಲೆ ಇಟ್ಟಿದ್ದೇನೆ, ನೂರು ಪ್ರತಿ ಇದೆ. ಹೋಗುವಾಗ ಒಂದೊಂದು ತಗೊಂಡು ಹೋಗಿ. ಇಲ್ಲಿ ಅಡಿಕೆ ಸೀಮೆಯವರಿದ್ದೀರಿ, ರೇಷ್ಮೆ ಸಾಕುವ ಊರಿನವರಿದ್ದೀರಿ. 'ಏನು ಕೊಡುತ್ತೀರಿ' ಅನ್ನೋ ಜಾಗದಲ್ಲಿ ನಿಮ್ಮೂರಿನವರು ಏನು ಬರೆಸುತ್ತಾರೋ, ಮುಂದಿನ ಸಭೆಯಲ್ಲಿ ಸಿಕ್ಕಾಗ ನನಗೆ ಹೇಳಿ.